ಎರಡೂ ಮಣಿಕಟ್ಟು

ಕೈಗವಸಿನ ಪುಡಿ ಮತ್ತೆ ಉಗುರಿನ ಸಂದಿಗೆ ಹೋಗಿದೆ, ತುರಿಕೆ, ಸಾಲದ್ದಕ್ಕೆ ಫಾರ್ಮಲಿನ್ ವಾಸನೆ ಕಣ್ಣಿಗೆ ಚುರುಚುರು ಅನ್ನುತ್ತಿದೆ, ಮೇಡಂ ಅಳುತ್ತಿದ್ದಾರೆ ಅಂದುಕೊಂಡಾರು ಮಕ್ಕಳು, ಅಂದುಕೊಳ್ಳಲಿ, ಇಪ್ಪತ್ತೆರಡು ವರ್ಷ ಇದೇ ಮೇಜಿನ ಮುಂದೆ ನಿಂತು ಅಂಗರಚನೆ ಕಲಿಸಿದವಳಿಗೆ ಇಲ್ಲಿ ಅಳು ಬರುವುದಿಲ್ಲ, ಈಗೀಗ ಬರುವುದು ಬರೀ ಸಿಟ್ಟು. ಇಕ್ಕಳದ ತುದಿಯಿಂದ ಅವಳು ಹೆಣದ ಕಂಕುಳೊಳಗಿನ ರಕ್ತನಾಳವನ್ನು ಮೆಲ್ಲಗೆ ಎತ್ತಿ ಹಿಡಿದಳು, ನೋಡ್ರಪ್ಪ, ಇದೇ ಆಕ್ಸಿಲರಿ ಆರ್ಟರಿ, ಮೊದಲ ಪಕ್ಕೆಲುಬು ದಾಟೋ ತನಕ ಇದಕ್ಕೊಂದು ಹೆಸರು, ಕಂಕುಳಲ್ಲಿ ಈ ಹೆಸರು, ತೋಳಿಗಿಳಿದರೆ ಇನ್ನೊಂದು — ಇದೇನೇ ಪುಟ್ಟಿ, ಹೊಳೆನೇನೇ ಇದು, ಊರೂರಿಗೂ ಒಂದೊಂದು ಹೆಸರಿಟ್ಕೊಂಡು ಹರಿಯೋಕೆ, ಅಂದಿದ್ದ ಅಣ್ಣ, ಅವಳು ಓದುವಾಗ ರೆಕಾರ್ಡ್ ಪುಸ್ತಕದಲ್ಲಿ ಈ ನಾಳಕ್ಕೆ ಕೆಂಪು ಬಳಿದು ಕೊಟ್ಟವನು ಅವನೇ, ಅಂಗಡಿಗಳ ಬೋರ್ಡು ಬರೆಯುವ ಬ್ರಷ್ಷಿನಲ್ಲಿ, ಅಂಚು ಒಂದಿಷ್ಟೂ ನಡುಗದ ಹಾಗೆ — ಆ ಕೈಗೆ, ಆ ಬಲಗೈಗೆ ಈಗ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಬೆರಳು ಒಳಕ್ಕೆ ಮಡಚಿಕೊಂಡಿವೆ, ಬೆಳಿಗ್ಗೆ ಅವಳು ಹಾಕಲು ಹೋದರೆ, ಬಿಡೇ, ಗಾಳಿ ಆಡ್ಲಿ, ಅಂತ ನಗುತ್ತಾನೆ, ನಗಬೇಡ ಕಣೋ, ನೀನು ನಕ್ಕರೆ ನನ್ನ ಮೈ ಉರಿಯುತ್ತದೆ.

ಮೇಡಂ, ಇದರ ಯಾವ ಭಾಗಕ್ಕೆ ಜಾಸ್ತಿ ಪೆಟ್ಟಾಗುತ್ತೆ, ಕೇಳಿದಳು ಕನ್ನಡಕದ ಹುಡುಗಿ, ಮೂರನೇ ಭಾಗಕ್ಕಮ್ಮ, ಎದೆಯ ಚಿಕ್ಕ ಸ್ನಾಯುವಿನಿಂದ ಆಚೆಗಿನದಕ್ಕೆ, ಈ ಕವಲುಗಳು ಅದನ್ನ ಮೂಳೆ ಪಕ್ಕಕ್ಕೆ ಕಟ್ಟಿಹಾಕಿವೆ ನೋಡು, ಭುಜ ಜಾರಿದಾಗ ಪಾಪ, ಇದಕ್ಕೆ ಸರಿಯೋಕೂ ಜಾಗ ಇಲ್ಲ, ವಯಸ್ಸಾದವರಲ್ಲಂತೂ ನಾಳ ಗಡುಸಾಗಿರುತ್ತೆ, ಹರಿದುಹೋಗುತ್ತೆ — ಅಣ್ಣನಿಗೆ ಅರವತ್ತೊಂದು, ಏಣಿ ಜಾರಿತು, ಭುಜ ಕಳಚಿತು, ಇದೇ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ದೊಡ್ಡ ಡಾಕ್ಟರು ಒಂದೇ ಎಳೆತಕ್ಕೆ ಲಟಕ್ಕನೆ ಕೂರಿಸಿದರು, ಸುತ್ತ ನಿಂತವರು ಭೇಷ್ ಅಂದರು, ಅವಳು ಓಡಿ ಬರುವ ಹೊತ್ತಿಗೆ ತೋಳನ್ನು ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿ ಆಗಿತ್ತು, ಕೈ ಹಿಡಿದಳು, ತಣ್ಣಗೆ, ನಲ್ಲಿಯ ಕೆಳಗಿಟ್ಟು ತೆಗೆದ ಪಾತ್ರೆಯ ಹಾಗೆ, ಸರ್, ಬಲಗಡೆ ನಾಡಿ ತೀರಾ ಕಮ್ಮಿ ಇದೆ, ಎಡಗಡೇದೂ ಹಿಡಿದು ಹೋಲಿಸಿ ನೋಡಿ, ಕಂಕುಳೂ ಊದ್ತಿದೆ — ನಾಡಿ ಇದೆಯಲ್ಲಮ್ಮ, ಇದ್ದ ಮೇಲೆ ಮುಗೀತು, ನೀವು ಹೆಣ ನೋಡ್ಕೊಳ್ಳಿ, ಬದುಕಿರೋರನ್ನ ನಮಗೆ ಬಿಡಿ, ಎಲ್ಲರೂ ನಕ್ಕರು, ನರ್ಸು ನಕ್ಕಳು, ಅವಳೂ, ಥೂ, ಅವಳೂ ಒಂದಿಷ್ಟು ನಕ್ಕಿದ್ದಳು. ಹೆದ್ದಾರಿ ಮುಚ್ಚಿದರೂ ಹೆಗಲ ಮೂಳೆಯ ಸುತ್ತಿನ ಒಳದಾರಿಗಳಲ್ಲಿ ಅಷ್ಟಿಷ್ಟು ರಕ್ತ ನುಸುಳುತ್ತದೆ, ಮಣಿಕಟ್ಟಿಗೆ ಬಂದು ಎಲ್ಲ ಸರಿಯಾಗಿದೆ ಅಂತ ಸುಳ್ಳು ಹೇಳುತ್ತದೆ, ಮೊದಲ ವರ್ಷದ ಮಕ್ಕಳಿಗೆ ಅವಳೇ ಮಾಡುವ ಪಾಠ, ಗೊತ್ತಿದ್ದೂ, ಸ್ಕ್ಯಾನ್ ಮಾಡಿ ಸರ್ ಅಂತ ಎರಡು ಸಲ ಬೇಡಿದಳು, ಬೇಡಿದಳು ಅಷ್ಟೇ, ಕೂಗಾಡಲಿಲ್ಲ, ಒಂಬತ್ತು ಗಂಟೆ ಹೊತ್ತು ಕಳೆದು, ಬೆರಳು ನೀಲಿಗಟ್ಟಿದ ಮೇಲೆ ರಕ್ತನಾಳದ ಡಾಕ್ಟರು ಬಂದು ಕಾಲಿನಿಂದ ನಾಳ ತೆಗೆದು ಕಂಕುಳಿಗೆ ಹೊಲಿದರು, ಕೈ ಉಳಿಯಿತು, ಮುಂಗೈಯ ಸ್ನಾಯು ಅಷ್ಟರಲ್ಲಿ ಸತ್ತಿತ್ತು.

ಬಾಗಿಲು ಕಿರುಗುಟ್ಟಿತು, ಬಂದವರು ಅವರೇ, ದೊಡ್ಡ ಡಾಕ್ಟರು, ಬಿಳಿ ಕೋಟಿನ ಇಸ್ತ್ರಿ ಮುರಿಯದೆ, ಮೂಗಿಗೆ ಕರವಸ್ತ್ರ, ಐದು ನಿಮಿಷ ಮೇಡಂ, ನಾಳೆ ನಿಮ್ಮ ದೂರಿನ ವಿಚಾರಣೆ ಇದೆಯಲ್ಲ, ಆವತ್ತು ಕೈ ಬೆಚ್ಚಗಿತ್ತು ಅಂತ ಒಂದು ಸಾಲು ಬರ್ಕೊಟ್ಬಿಡಿ, ಇಬ್ಬರಿಗೂ ಒಳ್ಳೇದು, ಒಂದೇ ಮನೆಯವರಿದ್ದ ಹಾಗೆ ಅಲ್ವಾ ನಾವು — ಒಂದು ಸಾಲು, ಅಣ್ಣ ಈಗ ಎಡಗೈಯಲ್ಲಿ ಒಂದು ಸಾಲು ಬರೆಯಲು ಇಡೀ ಮಧ್ಯಾಹ್ನ ಕೂರುತ್ತಾನೆ ನಾಲಿಗೆ ಕಚ್ಚಿಕೊಂಡು — ಅವಳು ಕೈಗವಸು ಕಿತ್ತೆಸೆದಳು, ಒಪ್ಪಿದಳು ಅಂದುಕೊಂಡು ಅವರು ಕೈ ಚಾಚಿದರು, ಅವಳು ಅದರ ಮಣಿಕಟ್ಟು ಹಿಡಿದಳು, ಇನ್ನೊಂದನ್ನೂ ಎಳೆದು ಹಿಡಿದಳು, ಕರವಸ್ತ್ರ ನೆಲಕ್ಕೆ ಬಿತ್ತು, ಕನ್ನಡಕದ ಹುಡುಗಿಯ ಕಡೆ ತಿರುಗಿದಳು, ಗಡಿಯಾರ ನೋಡಮ್ಮ, ಎರಡೂ ಕೈಯ ನಾಡಿ ಹೋಲಿಸೋಕೆ ಎಷ್ಟು ಹೊತ್ತು ಬೇಕು ಹೇಳು, ಹುಡುಗಿ ಗಡಿಯಾರದತ್ತ ಕತ್ತೆತ್ತಿದಳು, ಹದಿನೈದು ಸೆಕೆಂಡು ಮೇಡಂ. ಬರ್ಕೊಡಲ್ಲ ಸರ್, ತಣ್ಣಗಿತ್ತು, ನಾನು ಮುಟ್ಟಿದ್ದೆ, ನೀವು ಮುಟ್ಟಲಿಲ್ಲ, ನಾಳೆ ಇಷ್ಟೇ ಹೇಳ್ತೀನಿ, ಅಂದದ್ದು ತನ್ನ ದನಿಯೇ, ಇಷ್ಟು ಜೋರಾಗಿ, ಆವತ್ತು ಎಲ್ಲಿ ಸತ್ತಿತ್ತು ಈ ದನಿ — ಬಿಡ್ರೀ, ಏನಿದು ಮಕ್ಕಳ ಮುಂದೆ, ಕೈ ಬಿಡಿ ಮೇಡಂ — ಬಿಡಬೇಕು, ಹೇಳಿದ್ದಾಯಿತು, ಬಿಡಬೇಕು, ಬೆರಳು ಕೇಳುತ್ತಿಲ್ಲ, ಅವರ ನಾಡಿ ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ, ಬೆಚ್ಚಗೆ, ತುಂಬಿ, ಎರಡೂ ಕಡೆ ಒಂದೇ ಸಮ, ಅವಳ ಬೆರಳಡಿ ಬಡಿಯುತ್ತಿದೆ, ಬಡಿಯುತ್ತಿದೆ, ಬಡಿಯುತ್ತಿದೆ