ಗುಡ್ಡಪ್ಪನ ಉಸಿರು

"ಇನ್ನೊಂದ್ಸಲ ಹಾಕಿ," ಎಂದಳು ಕಂಪನಿಯ ಒಡತಿ.

ವಿಡಿಯೋ ಆಟಕ್ಕೆ ಸದ್ದು ಕೂಡಿಸುವ ಅವನು ಇನ್ನೊಮ್ಮೆ ಹಾಕಿದ. ಪರದೆಯ ಮೇಲೆ ಸಮುದ್ರ ಉಬ್ಬಿತು, ಉಬ್ಬಿದ ನೀರು ಎರಡಾಗಿ ಸೀಳಿತು, ಬೆನ್ನ ತುಂಬ ಬಂಡೆ ಹೊತ್ತ ದೈತ್ಯಮೃಗವೊಂದು ಎದ್ದು ನಿಂತು ಬಾಯಿ ತೆರೆಯಿತು. ಆ ಬಾಯಿಂದ ಹೊರಟ ಸದ್ದಿಗೆ ಮೇಜಿನ ಮೇಲಿದ್ದ ಟೀ ಲೋಟಗಳು ಗಿಲಗಿಲ ಎಂದವು. ಮೃಗದ ಚಿತ್ರ ಬರೆದ ಹುಡುಗಿಯಂತೂ ತಾನು ಹೆತ್ತದ್ದು ಮೊದಲ ಮಾತಾಡಿತು ಎನ್ನುವ ಹಾಗೆ ಕಣ್ಣರಳಿಸಿಕೊಂಡು ಕೂತಿದ್ದಳು.

"ಇದೇ ಕಣ್ರೀ ಬೇಕಾಗಿದ್ದು," ಒಡತಿ ಕುರ್ಚಿಗೆ ಒರಗಿದಳು. "ಅದರಲ್ಲೂ ಆ ಶುರು ಇದೆಯಲ್ಲ, ನೀರಲ್ಲಿ ಮುಳುಗಿದ್ದು ಮೇಲೆ ಬಂದ ಹಾಗೆ. ಎಲ್ಲಿಂದ ತಂದ್ರಿ?"

"ಹೀಗೇ... ಕಬ್ಬಿಣದ ಕುರ್ಚಿ ಎಳೆದದ್ದು, ಅದೂ ಇದೂ ಬೆರೆಸಿದ್ದು."

ಕಬ್ಬಿಣದ ಕುರ್ಚಿ ನಿಜ. ಅದೂ ಇದೂ ಎಂದದ್ದು ಮಾತ್ರ ಅವನ ಅತ್ತೆಯ ಗೊರಕೆ.

ಪಾಪ, ಅವನಾದರೂ ಏನು ಮಾಡಿಯಾನು. ಎರಡು ದೈತ್ಯಮೃಗಗಳು ಊರ ನಡುವೆ ನಿಂತು ಕಟ್ಟಡ ಕಿತ್ತು ಹೊಡೆದಾಡುವ ವಿಡಿಯೋ ಆಟ ಅದು. ವರ್ಷದ ಕೊನೆಗೆ ಬಿಡುಗಡೆ. ಅದಕ್ಕೂ ಮುಂಚೆ ಜನರ ಬಾಯಲ್ಲಿ ನೀರೂರಿಸಲು ಒಂದು ಟ್ರೈಲರ್. ಬೀಳುವ ಸೇತುವೆಗೆ ಸದ್ದು ಸಿಕ್ಕಿತ್ತು, ಒಡೆಯುವ ಗಾಜಿಗೆ ಸಿಕ್ಕಿತ್ತು, ಎದುರಾಳಿ ಮೃಗಕ್ಕೂ ಸಿಕ್ಕಿತ್ತು. ಬಂಡೆಬೆನ್ನಿನ ಈ ನಾಯಕನಿಗೆ ಮಾತ್ರ ದನಿ ಕೂಡಿಬಂದಿರಲಿಲ್ಲ. ಆಫೀಸಿನಲ್ಲಿ ಅದರ ಹೆಸರು ಗುಡ್ಡಪ್ಪ. ಗುಡ್ಡಪ್ಪನಿಗಾಗಿ ಅವನು ಸಿಂಹ ತಂದ, ಆನೆ ತಂದ, ರೈಲಿನ ಬ್ರೇಕ್ ತಂದ. "ಇದು ಎಲ್ಲರ ಆಟದಲ್ಲೂ ಇರೋ ಸಿಂಹ," ಎಂದು ಒಡತಿ ಮೂಗು ಮುರಿದಳು.

ಹೀಗಿರುವಾಗ ಒಂದು ರಜೆಯ ಮಧ್ಯಾಹ್ನ, ಹೆಂಡತಿ ಹೊರಗೆ ಹೋದ ಹೊತ್ತು ನೋಡಿಕೊಂಡು ನಡುಮನೆಯಲ್ಲಿ ಮೈಕ್ ಇಟ್ಟು ಕಬ್ಬಿಣದ ಕುರ್ಚಿ ಎಳೆಯುತ್ತಿದ್ದ. ಉಂಡು ಮಲಗಿದ್ದ ಅತ್ತೆಯ ಗೊರಕೆ ಒಳಕೋಣೆಯಿಂದ ಬಂದು ಕೆಲಸ ಕೆಡಿಸುತ್ತಿತ್ತು. ಮೊದಲು ಸಿಟ್ಟು ಬಂತು. ಆಮೇಲೆ ಕಿವಿ ನೆಟ್ಟಗಾಯಿತು. ಕುರ್ಚಿ ಬಿಟ್ಟು ಮೈಕನ್ನು ಬಾಗಿಲ ಕಡೆ ತಿರುಗಿಸಿದ. ಆಫೀಸಿಗೆ ಒಯ್ದು, ವೇಗ ತಗ್ಗಿಸಿ, ಕುರ್ಚಿಯ ಕಿರುಗುಟ್ಟುವಿಕೆ ಬೆರೆಸಿ ನೋಡಿದರೆ ಸಾಕ್ಷಾತ್ ಗುಡ್ಡಪ್ಪ. ಗೊರಕೆಗಳ ನಡುವಿದ್ದ ಖಾಲಿ ಜಾಗಗಳನ್ನು ಎಂದಿನಂತೆ ಕತ್ತರಿಸಿ ಎಸೆದ. ಸದ್ದಿನ ಕೆಲಸದವರ ಕೈಗೆ ಆ ಚಾಳಿ ಅಂಟಿಕೊಂಡಿರುತ್ತದೆ. ಸದ್ದಿಲ್ಲದ ಜಾಗ ಅವರಿಗೆ ಕಸ.

ಇದನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಅತ್ತೆ ಗೊರಕೆ ಹೊಡೆಯುವುದಿಲ್ಲ. ಮದುವೆಯಾದ ಹೊಸತರಲ್ಲೇ ಅವನು ಕಲಿತ ಪಾಠ ಇದು. "ರಾತ್ರಿಯೆಲ್ಲ ಬೀದೀಲಿ ಲಾರಿ ನಿಂತಿತ್ತಾ?" ಎಂದು ಮಾವನ ಮನೆಯಲ್ಲಿ ಬೆಳಿಗ್ಗೆ ಅಮಾಯಕನಾಗಿ ಕೇಳಿದ್ದಕ್ಕೆ ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಿದ್ದಳು. ಮಾವ ತಣ್ಣಗೆ, "ಲಾರಿ ಅಲ್ಲಪ್ಪ, ಫ್ರಿಜ್. ಹಳೇದಾಯ್ತು," ಎಂದಿದ್ದರು. ಮುಂದೆ ಫ್ರಿಜ್ ಬದಲಾಯಿತು, ಸದ್ದು ಬದಲಾಗಲಿಲ್ಲ. ಈಗಿನ ಫ್ರಿಜ್‌ಗಳೇ ಹೀಗೆ ಎಂದರು ಮಾವ. ಅವರು ತೀರಿಕೊಂಡ ಮೇಲೂ, ಅತ್ತೆ ಹೊಲಿಗೆ ಯಂತ್ರದ ಸಮೇತ ಮಗಳ ಮನೆಗೆ ಬಂದ ಮೇಲೂ ಫ್ರಿಜ್ಜಿನ ಮೇಲಿನ ಆ ಅಪವಾದ ಹಾಗೇ ಮುಂದುವರಿಯಿತು.

ಒಡತಿ ಬೆನ್ನು ತಟ್ಟಿದ ಮರುದಿನವೇ ಹೆಂಡತಿಯ ಫೋನು ಬಂತು. "ರೀ, ಬೇಗ ಬನ್ನಿ. ಅಮ್ಮನ ಬೆರಳಿಗೆ ಸೂಜಿ ಹೊಕ್ಕಿದೆ."

ಓಡಿದ. ಯಂತ್ರದ ಮೋಟಾರು ಇನ್ನೂ ಬೆಚ್ಚಗಿತ್ತು. ಅರ್ಧ ಹೊಲಿದ ಪರದೆ ಬಟ್ಟೆಯ ಮೇಲೆ ರಕ್ತದ ಕಲೆ. ಅತ್ತೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ತಪ್ಪು ಯಂತ್ರದ್ದೇ ಎಂಬಂತೆ ಅದನ್ನು ದುರುಗುಟ್ಟಿ ನೋಡುತ್ತಿದ್ದರು. ಜೀವಮಾನವೆಲ್ಲ ಹೊಲಿದ ಕೈ ಅದು. ಮಾತಾಡುತ್ತ, ಕಿಟಕಿಯಾಚೆ ನೋಡುತ್ತ ಹೊಲಿದರೂ ಗೆರೆ ತಪ್ಪುತ್ತಿರಲಿಲ್ಲ.

"ಕಣ್ಣು ಹತ್ತಿಬಿಡ್ತು," ಎಂದರು ಸಣ್ಣ ದನಿಯಲ್ಲಿ.

ಕಣ್ಣು ಹತ್ತುವುದು ಹೊಸದಲ್ಲ. ಕೆಲವು ತಿಂಗಳಿಂದ ಅತ್ತೆ ಮಾತಿನ ಮಧ್ಯದಲ್ಲೇ ತೂಕಡಿಸುತ್ತಿದ್ದರು, ಹಾಲು ಉಕ್ಕುವುದನ್ನು ಎದುರೇ ಕೂತು ಕಾಣುತ್ತಿರಲಿಲ್ಲ, ಬೆಳಿಗ್ಗೆ ಏಳುವಾಗಲೇ ತಲೆನೋವು ಎನ್ನುತ್ತಿದ್ದರು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಿದ್ದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ, "ನಿದ್ದೆಯಲ್ಲಿ ಗೊರಕೆ ಉಂಟಾ?" ಎಂದರು.

"ಛೇ, ಇಲ್ಲಪ್ಪ. ನಮ್ಮ ವಂಶದಲ್ಲೇ ಇಲ್ಲ," ಎಂದರು ಅತ್ತೆ.

"ಇಲ್ಲ ಡಾಕ್ಟ್ರೇ," ಎಂದಳು ಮಗಳು, ಅಭ್ಯಾಸಬಲದಿಂದ.

ಡಾಕ್ಟರು ಅಳಿಯನ ಮುಖ ನೋಡಿದರು. "ಇಲ್ಲ... ಮನೇಲಿ ಫ್ರಿಜ್ ಸ್ವಲ್ಪ ಸದ್ದು ಮಾಡುತ್ತೆ, ಅಷ್ಟೇ," ಎಂದುಬಿಟ್ಟ ಅವನು.

"ಹಾಗಾದ್ರೆ ಅದಲ್ಲ ಬಿಡಿ," ಡಾಕ್ಟರು ಪೆನ್ನು ತೆಗೆದರು. "ಕೆಲವರಿಗೆ ಗೊರಕೆ ಮಧ್ಯೆ ಉಸಿರೇ ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒದ್ದಾಡಿ ಎಳ್ಕೊಳ್ತಾರೆ, ಮುಳುಗ್ತಿದ್ದವರು ಮೇಲೆ ಬಂದ ಹಾಗೆ. ರಾತ್ರಿಯಿಡೀ ಅದೇ ಆದ್ರೆ ಹಗಲೆಲ್ಲ ತೂಕಡಿಕೆ, ಹೃದಯಕ್ಕೂ ಕಷ್ಟ. ಮಲಗಿದವರು ಏಳದೇ ಹೋಗಿದ್ದೂ ಉಂಟು. ನಿಮಗೆ ಗೊರಕೆಯೇ ಇಲ್ವಲ್ಲ, ಶಕ್ತಿಗೆ ಮಾತ್ರೆ ಬರೀತೀನಿ."

ಮುಳುಗಿದ್ದು ಮೇಲೆ ಬಂದ ಹಾಗೆ. ಇದೇ ಮಾತನ್ನು ನಿನ್ನೆಯಷ್ಟೇ ಹೊಗಳಿಕೆಯಾಗಿ ಕೇಳಿ ಹಿಗ್ಗಿದ್ದ.

ಅಮ್ಮ ಮಗಳನ್ನು ಮನೆಗೆ ಬಿಟ್ಟು, ಖಾತ್ರಿ ಮಾಡಿಕೊಳ್ಳಲು ಅವನು ನೇರ ಆಫೀಸಿಗೆ ಹೋದ. ಬಾಗಿಲು ಹಾಕಿಕೊಂಡು, ಕತ್ತರಿಸುವ ಮುಂಚಿನ ಮೂಲ ರೆಕಾರ್ಡಿಂಗ್ ತೆರೆದ. ಪರದೆಯ ಮೇಲೆ ಗೊರಕೆಗಳು ಗುಡ್ಡ ಗುಡ್ಡವಾಗಿ ಎದ್ದು ಕಂಡವು. ನಡುವೆ ಬಯಲು. ಈಗ ನೋಡಿದರೆ ಬಯಲೇ ಹೆಚ್ಚು. ಕಿವಿಗೆ ಹೆಡ್‌ಫೋನ್ ಹಾಕಿ ಅಂಥದೊಂದು ಬಯಲಿನ ಅಂಚಿಗೆ ಬಂದಾಗ ತಾನೂ ಉಸಿರು ಬಿಗಿಹಿಡಿದ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು, ಹೊರಗೆಲ್ಲೋ ಹಕ್ಕಿ ಕೂಗಿದ್ದು ಕೇಳಿಸಿತು, ಅತ್ತೆಯ ಉಸಿರಿಲ್ಲ. ಅವನ ಎದೆ ಉರಿಯಿತು, ಕಿವಿ ಬಿಸಿಯಾಯಿತು. ಆಗಲಿಲ್ಲ, ಬಾಯಿ ತೆರೆದು ಗಾಳಿ ಎಳೆದುಕೊಂಡ. ಅತ್ತೆ ಇನ್ನೂ ಎಳೆದುಕೊಂಡಿರಲಿಲ್ಲ. ಆಮೇಲೆ ಬಂತು ಆ ಸದ್ದು, ಒಡತಿ ಮೆಚ್ಚಿದ ಶುರು. ಅದು ಘರ್ಜನೆಯಾಗಿರಲೇ ಇಲ್ಲ. ಮನುಷ್ಯಳೊಬ್ಬಳು ಜೀವ ಹಿಡಿದುಕೊಳ್ಳಲು ಪರದಾಡಿದ ಸದ್ದು.

ಅವನಿಗೆ ಅಳು ಬಂತು. ಬಾಗಿಲಾಚೆ ತಾನು ಮೈಕ್ ಹಿಡಿದು, ಒಳ್ಳೇ ಮಾಲು ಸಿಕ್ಕಿತೆಂದು ನಗುತ್ತ ಕೂತಿದ್ದನಲ್ಲ. ಅದೇ ಹೊತ್ತಿಗೆ ಒಳಗೆ ಅವರು ಮತ್ತೆ ಎಳೆದುಕೊಳ್ಳದೇ ಹೋಗಿದ್ದರೆ?

ಸಂಜೆ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ಅತ್ತೆ ಪಟ್ಟಿ ಕಟ್ಟಿದ ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು.

"ಅತ್ತೆ, ನಿಮಗೊಂದು ಕೇಳಿಸಬೇಕು. ಕೇಳಿದ ಮೇಲೆ ನೀವು ಏನು ಬೈದ್ರೂ ಬೈಸ್ಕೋತೀನಿ."

ಹೆಂಡತಿಗೆ ಗೊತ್ತಾಗಿಹೋಯಿತು. "ರೀ, ಬೇಡ," ಎಂದಳು.

"ಸುಮ್ನಿರು. ಇಷ್ಟು ದಿನ ಸುಮ್ಮನಿದ್ದು ಸಾಕು."

ಹಾಕಿದ. ನಡುಮನೆಯ ತುಂಬ ಗೊರಕೆ ಏರಿತು, ಇಳಿಯಿತು, ಮತ್ತೆ ಏರಿತು. ಅತ್ತೆ ಮೊದಲು ನಕ್ಕರು. "ಯಾರದಪ್ಪ ಇದು, ಗರಗಸ ಎಳೆದ ಹಾಗೆ?" ಅವರು ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು. ಅಷ್ಟರಲ್ಲಿ ಗೊರಕೆ ನಿಂತಿತು. ಉಳಿದದ್ದು ಬಯಲು. ಹೆಂಡತಿಯ ಕೈಯಲ್ಲಿ ಚಾಕು ಅರ್ಧಕ್ಕೇ ನಿಂತಿತು. ಎಷ್ಟು ಹೊತ್ತಾದರೂ ಏನೂ ಬರಲಿಲ್ಲ. "ಏನಾಯ್ತು? ಯಾಕೆ ನಿಂತ್ಹೋಯ್ತು?" ಎಂದು ಅತ್ತೆಯೇ ಕೇಳಿದರು, ಗಾಬರಿಯಿಂದ. ಆಮೇಲೆ ಆ ಎಳೆತ ಕೇಳಿಸಿತು.

"ನಾನಾ?" ಎಂದರು.

"ಹೂಂ ಅತ್ತೆ. ಆ ದಿನ ಮಧ್ಯಾಹ್ನ ನಾನೇ ಕದ್ದು ಹಿಡಿದದ್ದು. ನಮ್ಮ ಆಟದಲ್ಲಿರೋ ಮೃಗಕ್ಕೆ ಹಾಕಿಬಿಟ್ಟಿದ್ದೆ. ಅದನ್ನ ತೆಗೀತೀನಿ. ಅದು ಹಾಳಾಗಲಿ, ನಾಳೆ ನೀವು ಡಾಕ್ಟರ ಹತ್ರ ಬರಬೇಕು."

ಅತ್ತೆಯ ಮುಖ ಗಂಟಾಯಿತು, ಸಡಿಲವಾಯಿತು, ಮತ್ತೆ ಗಂಟಾಯಿತು. ಕೊನೆಗೆ ಮಗಳ ಕಡೆ ತಿರುಗಿದರು.

"ಹಾಗಾದ್ರೆ ಆ ಫ್ರಿಜ್?"

ಮಗಳು ತಲೆ ತಗ್ಗಿಸಿದಳು.

"ಚೆನ್ನಾಗಿದ್ದ ಫ್ರಿಜ್ಜನ್ನ ಮಾರಿಬಿಟ್ವಲ್ಲೇ," ಎಂದರು ಅತ್ತೆ. "ನಿಮ್ಮಪ್ಪ ಪುಣ್ಯಾತ್ಮ. ಪಕ್ಕದಲ್ಲೇ ಮಲಗ್ತಿದ್ರು, ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ." ನಗುವೋ ಅಳುವೋ ತಿಳಿಯದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, "ಎಷ್ಟು ಹೊತ್ತಿಗೆ ಹೋಗಬೇಕು ಡಾಕ್ಟರ ಹತ್ರ?" ಎಂದು ಕೇಳಿದರು.

ಡಾಕ್ಟರು ರೆಕಾರ್ಡಿಂಗ್ ಕೇಳಿ ಬೈಯಲಿಲ್ಲ. ಫ್ರಿಜ್ಜಿನ ವಿಷಯ ಎತ್ತಿ ಅಳಿಯನನ್ನು ಸ್ವಲ್ಪ ಆಡಿಕೊಂಡರು, ಅಷ್ಟೇ. ನಿದ್ದೆಯಲ್ಲಿ ಉಸಿರು ಹೇಗಿದೆಯೆಂದು ನೋಡಲು ಅತ್ತೆಯನ್ನು ಆಸ್ಪತ್ರೆಯಲ್ಲಿ ಮೈತುಂಬ ತಂತಿ ಅಂಟಿಸಿ ಮಲಗಿಸಿದರು. ಫಲಿತಾಂಶ ಬರುವವರೆಗೆ ಗಂಡ ಹೆಂಡತಿಗೆ ಊಟ ಸೇರಲಿಲ್ಲ. ಅತ್ತೆ ತೂಕಡಿಸಿದಾಗಲೆಲ್ಲ ಇಬ್ಬರಲ್ಲೊಬ್ಬರು ಓಡಿಹೋಗಿ ಎಬ್ಬಿಸುತ್ತಿದ್ದರು. "ಸಾಯೋಕೂ ಬಿಡಲ್ಲ, ಮಲಗೋಕೂ ಬಿಡಲ್ಲ," ಎಂದು ಅತ್ತೆ ಗೊಣಗುತ್ತಿದ್ದರು. ಕೊನೆಗೆ ಡಾಕ್ಟರು ಕಾಗದ ನೋಡಿ, "ಒಳ್ಳೇ ಹೊತ್ತಿಗೆ ಬಂದ್ರಿ. ಹೃದಯಕ್ಕೆ ಇನ್ನೂ ಏನೂ ಆಗಿಲ್ಲ. ಮಲಗುವಾಗ ಗಾಳಿ ಕೊಡೋ ಯಂತ್ರ ಹಾಕ್ಕೊಂಡ್ರೆ ಹೆದರೋದೇನಿಲ್ಲ," ಎಂದರು. ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಅವನಿಗೆ ತಲೆಯ ಮೇಲಿನ ಬಂಡೆ ಇಳಿಸಿದಂತಾಯಿತು. ಅಷ್ಟು ದಿನದ ಮೇಲೆ ಅವತ್ತು ಮೂವರೂ ಹೊಟ್ಟೆ ತುಂಬ ಉಂಡರು.

ಮೂಗಿನ ಮೇಲೆ ಮುಖವಾಡ, ಅದಕ್ಕೊಂದು ಉದ್ದನೆಯ ಕೊಳವೆ. ಮೊದಲ ಸಲ ಹಾಕಿಕೊಂಡಾಗ ಅತ್ತೆ ಕನ್ನಡಿ ನೋಡಿ, "ನೋಡೇ, ನಿನ್ನ ಗಂಡನ ಆಟಕ್ಕೆ ಈಗ ಸರಿಯಾದೆ," ಎಂದರು. ವಾರ ಕಳೆಯುವುದರೊಳಗೆ ತಲೆನೋವು ಹೋಯಿತು. ಮಾತಿನ ಮಧ್ಯೆ ತೂಕಡಿಸುವುದು ನಿಂತಿತು. ಬೆರಳು ಮಾಗಿದ ಮೇಲೆ, ರಕ್ತದ ಕಲೆ ತೊಳೆದು ಆ ಪರದೆಯನ್ನು ಹೊಲಿದು ಮುಗಿಸಿದರು.

ಆಫೀಸಿನಲ್ಲೂ ಅವನು ನಿಜ ಹೇಳಿಬಿಟ್ಟಿದ್ದ. ಒಡತಿ ತಲೆಯ ಮೇಲೆ ಕೈಹೊತ್ತು ಕೂತಳು. "ಅವರು ಬೇಡ ಅಂದ್ರೆ ತೆಗೆಯೋದೇ ಸರಿ. ಆದ್ರೆ ಒಂದ್ಸಲ ಕೇಳಿ ನೋಡಿ," ಎಂದಳು. ಅವನಿಗೆ ಕೇಳುವ ಮುಖವಿರಲಿಲ್ಲ. ಅತ್ತೆಯೇ ಒಂದು ದಿನ, "ಎಲ್ಲಿ, ಆ ಪ್ರಾಣಿ ತೋರಿಸಿ ನೋಡೋಣ," ಎಂದು ಹೊರಟು ಆಫೀಸಿಗೇ ಬಂದರು.

ಸಮುದ್ರ ಉಬ್ಬಿತು, ಸೀಳಿತು, ಗುಡ್ಡಪ್ಪ ಎದ್ದು ಬಾಯಿ ತೆರೆಯಿತು. ಅವನಿಗೆ ಪರದೆ ನೋಡಲಾಗಲಿಲ್ಲ. ಅತ್ತೆ ಮಾತ್ರ ಕಣ್ಣು ಕೀಲಿಸಿ ನೋಡಿದರು. ಸುತ್ತ ನಿಂತವರೆಲ್ಲ ಅವರನ್ನೇ ನೋಡುತ್ತಿದ್ದರು.

"ಅಬ್ಬಬ್ಬ, ನನ್ನ ಗಂಟಲಿಗೆ ಇಷ್ಟು ಶಕ್ತಿ ಇತ್ತಾ," ಎಂದರು ಕೊನೆಗೆ. ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ಇರಲಿ ಬಿಡಿ, ತೆಗೀಬೇಡಿ. ಎದ್ದು ಬಂತಲ್ಲ, ಅಷ್ಟು ಸಾಕು." ಆಮೇಲೆ ಒಡತಿಯ ಕಡೆ ತಿರುಗಿ, "ಗೆಲ್ಲೋದು ಇದೇ ತಾನೇ?" ಎಂದರು.

"ಅದು ಆಡೋರ ಕೈಯಲ್ಲಿದೆ ಅಮ್ಮ."

"ಹಾಗೆಲ್ಲ ಬೇರೆಯವರ ಕೈಗೆ ಕೊಡಬಾರದಿತ್ತು," ಎಂದರು ಅತ್ತೆ. ಕೋಣೆಯೆಲ್ಲ ನಕ್ಕಿತು.

ಇನ್ನೊಂದು ಕೆಲಸ ಬಾಕಿ ಇತ್ತು. ಟ್ರೈಲರಿನ ಮೊದಲಲ್ಲಿ, ಸಮುದ್ರದ ತಳದಲ್ಲಿ ಗುಡ್ಡಪ್ಪ ಮಲಗಿರುವ ದೃಶ್ಯ. ಅದಕ್ಕೆ ಏನು ಹಾಕಬೇಕೆಂದು ತೋಚದೆ ಅವನು ಖಾಲಿ ಬಿಟ್ಟಿದ್ದ. ಮುಂದಿನ ರಜೆಯ ದಿನ ಊಟವಾದ ಮೇಲೆ ಮೈಕ್ ಹಿಡಿದು ಅತ್ತೆಯ ಎದುರು ತಲೆ ಕೆರೆದುಕೊಂಡು ನಿಂತ.

"ಗೊತ್ತಾಯ್ತು, ಗೊತ್ತಾಯ್ತು," ಅತ್ತೆ ಮುಖವಾಡದ ಪಟ್ಟಿ ಬಿಗಿಮಾಡಿಕೊಂಡರು. "ಈ ಸಲ ಕೇಳಿದ್ರಲ್ಲ, ಅದೇ ದೊಡ್ಡದು. ಆ ಕುರ್ಚಿ ಮಾತ್ರ ಎಳೀಬೇಡಿ, ನಿದ್ದೆ ಕೆಡುತ್ತೆ."

ಅವನು ಬಾಗಿಲ ಬಳಿ ಮೈಕ್ ಇಟ್ಟು ನೆಲದ ಮೇಲೆ ಕೂತ. ಹೆಂಡತಿ ಸದ್ದಾಗದಂತೆ ಬಂದು ಪಕ್ಕದಲ್ಲಿ ಕೂತಳು. ಒಳಗಿನಿಂದ ಯಂತ್ರದ ಮೆಲ್ಲನೆಯ ಸುಯ್ಯೆನ್ನುವಿಕೆ, ಅದರೊಳಗೆ ಅತ್ತೆಯ ಉಸಿರು. ಕೈಯಲ್ಲಿದ್ದ ರೆಕಾರ್ಡರಿನ ಚಿಕ್ಕ ಪರದೆಯ ಮೇಲೆ ಹಸಿರು ಗೆರೆ ತುಸುವೇ ಏರಿತು, ಇಳಿಯಿತು, ಒಂದಿಷ್ಟು ಸುಮ್ಮನಿತ್ತು. ಇಬ್ಬರೂ ಕತ್ತು ಮುಂದೆ ಚಾಚಿದರು. ಗೆರೆ ಮತ್ತೆ ಏರಿತು. ಬೇಕಾದಷ್ಟು ಸಿಕ್ಕಿಯಾಗಿತ್ತು, ಆದರೂ ಅವನು ಗುಂಡಿ ಒತ್ತಿ ನಿಲ್ಲಿಸಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ ಒಮ್ಮೆ ಸಣ್ಣಗೆ ಗುರ್ರೆಂದು ಸುಮ್ಮನಾಯಿತು.