ನೂರಾ ಇಪ್ಪತ್ತು, ಎಂಬತ್ತು

"ಮೊದಲ ನೀವು ಕಟ್ಟಿಕೋರಿ ಸಾಹೇಬ್ರ, ಆಮ್ಯಾಲ ನಾವು ನೋಡ್ತೀವಿ."

ಕಲ್ಲಿನಾಥ ಆಗಲೇ ಅಂಗಿಯ ತೋಳು ಮಡಚುತ್ತಿದ್ದ. ಯಾರೂ ಹೇಳಬೇಕಾಗಿರಲಿಲ್ಲ. ಈ ಸೀಮೆಯಲ್ಲಿ ಬಿಪಿ ಶಿಬಿರ ಹೀಗೇ ಶುರುವಾಗಬೇಕು. ಮಷೀನು ತಂದವನೇ ಮೊದಲು ಅದರ ಪಟ್ಟಿಯನ್ನು ತನ್ನ ತೋಳಿಗೆ ಬಿಗಿದುಕೊಳ್ಳಬೇಕು. ಅವನು ಕೆಲಸ ಮಾಡುವ ಆರೋಗ್ಯ ಸಂಸ್ಥೆಯ ಜೀಪು ನಿಂತ ಊರುಗಳಲ್ಲೆಲ್ಲ ಅವನು ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದಿದ್ದ. ರಬ್ಬರಿನ ಚೆಂಡು ಹಿಚುಕುವುದು, ಮುಳ್ಳು ಏರಿಸುವುದು, ತಿರುಪು ಸಡಿಲಿಸಿ ಇಳಿಸುವುದು, ಸ್ಟೆಥಾಸ್ಕೋಪನ್ನು ಕಿವಿಯಿಂದ ತೆಗೆದು ನಗುವುದು. ಆಮೇಲೆ "ನೂರಾ ಇಪ್ಪತ್ತು, ಎಂಬತ್ತು" ಎನ್ನುವುದು.

ಮೊದಮೊದಲು ಕೇಳಿಸಿಕೊಂಡೇ ಹೇಳುತ್ತಿದ್ದ. ಆಗ ಅದು ನಿಜವೂ ಆಗಿತ್ತು. ಆಮೇಲೆ ಬೇಸರ ಬಂತು. ಎಂ.ಎಸ್ಸಿ. ಮುಗಿಸಿದವನು ದಿನಾ ಅದೇ ತೋಳು ತೋರಿಸಿ ಅದೇ ಎರಡು ಅಂಕಿ ಹೇಳುವುದಕ್ಕೆ ಕಿವಿ ಯಾಕೆ ಬೇಕು?

ಇವತ್ತು ಅತನೂರಿನಲ್ಲಿ ಕರೆಂಟಿರಲಿಲ್ಲ. ಫ್ಯಾನು ನಿಂತಿದ್ದರಿಂದ ಸಮುದಾಯ ಭವನ ಸುಮ್ಮನಿತ್ತು. ಅದಕ್ಕೇ ಇರಬೇಕು, ಕೇಳಿಸಿತು. ರೂಢಿಯಂತೆ ನೂರಾ ಅರವತ್ತಕ್ಕೆ ಏರಿಸಿ ತಿರುಪು ಸಡಿಲಿಸಿದ ಕೂಡಲೇ ಟಕ್ ಟಕ್ ಎಂದಿತು. ಇಷ್ಟು ಮೇಲೆ ಸದ್ದು ಇರಬಾರದು. ಮತ್ತೆ ಹಿಚುಕಿದ. ನೂರಾ ಎಂಬತ್ತರಲ್ಲೂ ಇತ್ತು. ಇನ್ನೂರು ದಾಟಿದ ಮೇಲಷ್ಟೇ ನಿಂತಿತು. ಮೆಲ್ಲಗೆ ಇಳಿಸುತ್ತ ಬಂದರೆ ನೂರಾ ಹತ್ತರವರೆಗೂ ಬಡಿಯುತ್ತಲೇ ಇತ್ತು. ನಾಲ್ಕಾರು ತಿಂಗಳಿಂದ ಬೆಳಿಗ್ಗೆ ಹಿಂದಲೆ ಹಿಡಿದುಕೊಳ್ಳುತ್ತಿದ್ದುದನ್ನು ಅವನು ಕನ್ನಡಕದ ಮೇಲೆ, ಜೇವರ್ಗಿ ರಸ್ತೆಯ ತಗ್ಗುಗಳ ಮೇಲೆ ಹಾಕಿದ್ದ.

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

"ನೂರಾ ಇಪ್ಪತ್ತು, ಎಂಬತ್ತು," ಎಂದ.

ಮುಂದೆ ಕೂತಿದ್ದ ಮುದುಕಿ ನಿಂಬೆವ್ವ ಹಸಿರು ಬಳೆಗಳನ್ನು ಮೇಲೆ ಸರಿಸಿ ತೋಳು ಕೊಟ್ಟಳು. ಹೋದ ಶಿಬಿರದಲ್ಲಿ ಗುಳಿಗೆ ಬರೆಸಿಕೊಂಡು ಹೋಗಿದ್ದವಳು. ಅಳೆದು ನೋಡಿದರೆ ಅವಳದೂ ಹೆಚ್ಚಿತ್ತು, ನೂರಾ ತೊಂಬತ್ತು.

"ಗುಳಗಿ ತಗೋತಿಲ್ಲೇನ್ರಿ?"

"ಶ್ರಾವಣ ಅಲ್ರಿ ಯಪ್ಪಾ. ಒಪ್ಪತ್ತು ಮಾಡಾಕತ್ತೇನಿ. ಮುಂಜಾನಿ ಉಂಡ ಮ್ಯಾಲ ನುಂಗು ಅಂದಾರ. ಮುಂಜಾನಿ ಉಣ್ಣಂಗಿಲ್ಲ, ಮತ್ತ ಹೆಂಗ ನುಂಗಲಿ? ಬಿಟ್ಟೇನಿ."

"ಬಿಡಬಾರದು."

"ಏನೂ ಆಗಿಲ್ಲಲ್ರಿ. ತಲಿ ನೋಯಂಗಿಲ್ಲ, ಕಣ್ಣಿಗಿ ಕತ್ತಲಿ ಬರಂಗಿಲ್ಲ."

"ಅದು ಹೇಳಿ ಬರಂಗಿಲ್ಲ. ಅದಕ್ಕ ಅಳೀತಿರಬೇಕು. ಹಿಂಗ ಬಿಟ್ರ ಲಕ್ವಾ ಹೊಡದು ಕೈಕಾಲು ಬೀಳ್ತಾವ."

ತನ್ನ ದನಿ ಗೋಡೆಗೆ ಅಂಟಿಸಿದ ಭಿತ್ತಿಪತ್ರದ ದನಿ ಎಂದು ಅವನಿಗೇ ಅನ್ನಿಸಿತು. ನಿಂಬೆವ್ವ ಅವನನ್ನೇ ನೋಡಿದಳು.

"ನೀವು ತಗೋತೀರೇನ್ರಿ ಗುಳಗಿ?"

"ಇಲ್ಲ."

"ಉಪಾಸ ಮಾಡ್ತೀರಿ?"

"ಸೋಮವಾರ."

"ಅದಕ್ಕ ನೋಡ್ರಿ ನಿಮ್ಮದು ಸಮಾ ಅದ." ಅವಳು ಹಿಂದಿನ ಹೆಂಗಸರತ್ತ ತಿರುಗಿದಳು. "ಕೇಳಿದ್ರೇನ್ರೇ? ಸಾಹೇಬ್ರು ಉಪಾಸ ಮಾಡ್ತಾರ. ಗುಳಗಿ ಇಲ್ಲ, ಏನಿಲ್ಲ."

ಹೆಂಗಸರು ತಲೆಯಾಡಿಸಿದರು. ಈಗ ಒಂದು ಮಾತು ಸಾಕಿತ್ತು. ನಂದು ನಿಮಗಿಂತ ಹೆಚ್ಚದ, ನಾ ಸುಳ್ಳು ಹೇಳಿದೆ. ಹೇಳಿಬಿಟ್ಟರೆ ಶಿಬಿರದ ಮೇಲಿನ ನಂಬಿಕೆ ಹೋಗುತ್ತದೆ ಎಂದುಕೊಂಡ. ಅದೂ ಸುಳ್ಳು. ಇದ್ದದ್ದು ನಾಚಿಕೆ ಒಂದೇ. ಆ ಮುದುಕಿಯ ಜೀವಕ್ಕಿಂತ ಅದು ದೊಡ್ಡದಾಗಿ ಕೂತಿತ್ತು.

"ಡಾಕ್ಟರಿಗಿ ತೋರಸ್ರಿ," ಎಂದ.

"ಶ್ರಾವಣ ಮುಗೀಲಿ."

"ಹೂಂ."

ಅವಳು ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಯೊಂದನ್ನು ಅವನ ಅಂಗೈಯಲ್ಲಿಟ್ಟಳು. "ಬ್ಯಾರೆ ಯಾರಿಗರೆ ಕೊಡ್ರಿ. ಸುಮ್ನ ಹಾಳಾಗ್ತಾವ." ಅವನು ಅದನ್ನು ಜೇಬಿಗೆ ಹಾಕಿಕೊಂಡ. ಸಾಲಿನಲ್ಲಿದ್ದ ಮುಂದಿನವಳು ಬಂದು ಕೂತಳು.

ಅಫಜಲಪುರಕ್ಕೆ ಮರಳುವಾಗ ಡ್ರೈವರ್ ಹುಸೇನಸಾಬ ರಸ್ತೆ ಬದಿಯ ಹೋಟೆಲಿನೆದುರು ಜೀಪು ನಿಲ್ಲಿಸಿದ.

"ಚಹಾ ಕುಡಿಯೂಣು ಬರ್ರಿ ಸರ."

"ನೀ ಹೋಗು."

ಸುತ್ತಲೂ ತೊಗರಿ ಹೊಲ. ತಲೆ ಭಾರವಾಗಿತ್ತು. ಗುಳಿಗೆ ಪಟ್ಟಿಯನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಲ್ಲಿನಾಥ ಮಷೀನಿನ ಡಬ್ಬಿ ತೆರೆದು ಅದರ ಪಟ್ಟಿಯನ್ನು ಎಡತೋಳಿಗೆ ಬಿಗಿದು ಸ್ಟೆಥಾಸ್ಕೋಪನ್ನು ಕಿವಿಗಿಟ್ಟುಕೊಂಡ. ನೋಡಲು ಎದುರಿಗೆ ಯಾರೂ ಇರಲಿಲ್ಲ. ಇಲ್ಲಿ ನಿಜವನ್ನು ಮತ್ತೊಮ್ಮೆ ಕೇಳಿಸಿಕೊಳ್ಳಬಹುದಿತ್ತು. ಕೇಳಿಸಿಕೊಂಡರೆ ತಿರುಗಿ ಅತನೂರಿಗೆ ಹೋಗಿ ಹೇಳಬೇಕಾಗುತ್ತಿತ್ತು.

ಹಿಚುಕಿದ. ಮುಳ್ಳು ಇನ್ನೂರು ದಾಟಿತು. ಇನ್ನೂ ಹಿಚುಕಿದ. ಸದ್ದು ನಿಂತು ಕಿವಿಯೊಳಗೆ ಏನೂ ಇಲ್ಲದಂತಾಯಿತು. ಇಷ್ಟು ಹಾಯಾಗಿ ಅವನು ಎಷ್ಟೋ ದಿನದಿಂದ ಇರಲಿಲ್ಲ. ತಿರುಪು ಸಡಿಲಿಸಿದರೆ ಅಂಕಿ ಬರುತ್ತದೆ. ಸಡಿಲಿಸುವವರೆಗೆ ಯಾವ ಅಂಕಿಯೂ ಇಲ್ಲ.

ಹುಸೇನಸಾಬ ಚಹಾದ ಲೋಟ ಹಿಡಿದು ಕಿಟಕಿಯ ಹತ್ತಿರ ಬಂದ. ಅವನ ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಎಷ್ಟದ ಎಂದು ಕೇಳಿರಬೇಕು.

"ನೂರಾ ಇಪ್ಪತ್ತು, ಎಂಬತ್ತು," ಎಂದ ಕಲ್ಲಿನಾಥ.

ಹುಸೇನಸಾಬ ನೋಡುತ್ತಿದ್ದುದು ಅವನ ಮುಖವನ್ನಲ್ಲ. ತೊಡೆಯ ಮೇಲೆ, ನಿಂಬೆವ್ವನ ಗುಳಿಗೆ ಪಟ್ಟಿಯ ಪಕ್ಕದಲ್ಲಿ, ಒಂದು ಕೈ ಬಿದ್ದಿತ್ತು. ತಿರುಪು ಇನ್ನೂ ಸಡಿಲಿಸಿರದೆ ಅದರ ಬೆರಳು ಬಾತು ನೀಲಿಗಟ್ಟುತ್ತಿತ್ತು. ಅದು ಯಾರದೋ ಎಂಬಂತೆ ಕಲ್ಲಿನಾಥನೂ ನೋಡುತ್ತ ಕೂತ.