ಒಂಬತ್ತನೇ ಮೆಟ್ಟಿಲು

ವಿಶ್ವವಿದ್ಯಾಲಯದ ರಂಗವಿಭಾಗದವರು ಮುಂದಿನ ಋತುವಿನ ನಾಟಕಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ, ವಿದ್ಯಾರ್ಥಿಗಳೆಲ್ಲ ಯಾರಿಗೆ ಯಾವ ಪಾತ್ರ ಸಿಕ್ಕೀತೆಂದು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಓದಿದರು. ಮೇಸ್ತ್ರಿ ಮಾತ್ರ ಅವರೆಲ್ಲ ಚದುರಿದ ಮೇಲೆ ಬಂದು, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ ನಿಂತು, ಎಷ್ಟು ಮರ ಬೇಕಾದೀತೆಂದು ಯೋಚಿಸಿದ. ಇಪ್ಪತ್ತಾರು ವರ್ಷದಿಂದ ಆ ವಿಭಾಗದ ರಂಗಸಜ್ಜಿಕೆಯನ್ನೆಲ್ಲ ಕಟ್ಟಿದ ಬಡಗಿ ಅವನು. ಈ ಸಲ ಒಂದು ದುಃಖಾಂತ, ಒಂದು ಹಾಸ್ಯ, ಎರಡು ಸಂಗೀತ ನಾಟಕ. ನಾಲ್ಕಕ್ಕೂ ಮೆಟ್ಟಿಲು ಬೇಕು. ಒಂದರಲ್ಲಿ ಅರಮನೆಯದು, ಇನ್ನೊಂದರಲ್ಲಿ ಹಡಗಿನದು. ಮೂರು ತುಂಡಾಗಿ ಬಿಚ್ಚಿ ಬೇರೆ ಬೇರೆ ಥರ ಜೋಡಿಸಬಹುದಾದ ಹದಿನಾಲ್ಕು ಮೆಟ್ಟಿಲು ಕಟ್ಟಿಬಿಟ್ಟರೆ ನಾಲ್ಕು ನಾಟಕಕ್ಕೂ ಆಯಿತಲ್ಲ ಎಂದು ಅವನಿಗೆ ಹೊಳೆಯಿತು. ನಿರ್ದೇಶಕಿ ಕೇಳಿ ಬಹಳ ಖುಷಿಪಟ್ಟರು. ಮೇಸ್ತ್ರಿಗೆ ಒಂದು ವಾರ ಕಾಲು ನೆಲದ ಮೇಲಿರಲಿಲ್ಲ.

ವಿಭಾಗದಲ್ಲಿ ಅವನು ಯಾರಿಗೂ ಹೇಳದ ಸಂಗತಿಯೊಂದಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣೂ ಅದೇ ಹಾದಿ ಹಿಡಿದಿತ್ತು. ಅಳತೆಪಟ್ಟಿಯ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಹೆಂಡತಿ ದಿನಾ, ತನ್ನ ಅಣ್ಣನೂ ಹೀಗೇ ನಾಳೆ ನಾಡಿದ್ದು ಎಂದು ಕೊನೆಗೆ ಗೋಡೆ ಹಿಡಿದು ನಡೆಯುವಂತಾದನೆಂದು ರಾಗ ಎಳೆಯುತ್ತಿದ್ದಳು. ಋತು ಮುಗಿಯಲಿ ಎಂದು ಅವನು ಅವಳ ಬಾಯಿ ಮುಚ್ಚಿಸುತ್ತಿದ್ದ. ಕಣ್ಣು ಕಾಣದ ಬಡಗಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದೇ ಅವನ ಭಯ.

ಮೊದಲ ಸಂಗೀತ ನಾಟಕದ ನಾಯಕಿಯ ಪಾತ್ರ ಸಿಕ್ಕಿದ್ದು ಅಂತಿಮ ವರ್ಷದ ಒಬ್ಬ ಪುಟ್ಟ ಹುಡುಗಿಗೆ. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಹದಿನಾಲ್ಕು ಮೆಟ್ಟಿಲನ್ನೂ ಅವಳು ಸಭಿಕರತ್ತ ಮುಖ ಮಾಡಿ, ಕೆಳಗೆ ನೋಡದೆ ಹಾಡುತ್ತ ಇಳಿಯಬೇಕಿತ್ತು. ಮೆಟ್ಟಿಲ ಮೇಲಿನ ಮೊದಲ ತಾಲೀಮಿನಲ್ಲಿ ನಡುವೆ ಒಂದು ಕಡೆ ತಡವರಿಸಿದಳು. ಎರಡನೇ ದಿನವೂ ಅಲ್ಲೇ. ಅಲ್ಲೊಂದು ಮೆಟ್ಟಿಲು ಬೇರೆ ಥರ ಇದೆ ಎಂದಳು. ಮೇಸ್ತ್ರಿ ಕಟ್ಟಿದ್ದರಲ್ಲಿ ಅಂಥದ್ದೆಲ್ಲ ಇರುವುದಿಲ್ಲ, ನೀನು ತಾಳದ ಮೇಲೆ ಗಮನ ಕೊಡು ಎಂದು ನಿರ್ದೇಶಕಿ ಅವಳ ಮಾತನ್ನು ಅಲ್ಲಿಗೇ ಮುಗಿಸಿದರು. ಮೇಸ್ತ್ರಿ ಅಲ್ಲೇ ನಿಂತು ಕೇಳಿಸಿಕೊಂಡು ಹೆಮ್ಮೆಪಟ್ಟಿದ್ದ. ಮೂರನೇ ದಿನ ಗುಬ್ಬಿ ಬಿದ್ದಳು. ಪಾದದ ಕೀಲು ಉಳುಕಿ ಊದಿಕೊಂಡಿತು. ಮೂರು ವಾರ ಕಾಲೂರಬಾರದೆಂದರು ವೈದ್ಯರು. ಪ್ರದರ್ಶನಕ್ಕೆ ಐದೇ ವಾರ ಉಳಿದಿದ್ದರಿಂದ ಪಾತ್ರ ಇನ್ನೊಬ್ಬಳ ಪಾಲಾಯಿತು.

ಮರುದಿನ ಬೆಳಿಗ್ಗೆ ಯಾರೂ ಬರುವ ಮುನ್ನ ಮೇಸ್ತ್ರಿ ಮೆಟ್ಟಿಲ ಬಳಿ ಹೋದ. ಕಣ್ಣನ್ನು ನಂಬದೆ, ಒಂದು ಮೆಟ್ಟಿಲಿನ ಎತ್ತರಕ್ಕೆ ಸರಿಯಾಗಿ ಮರದ ತುಂಡೊಂದನ್ನು ಕತ್ತರಿಸಿ, ಪ್ರತಿಯೊಂದಕ್ಕೂ ತಾಗಿಸಿ ಬೆರಳಿಂದ ಮುಟ್ಟಿ ನೋಡಿದ. ಎಂಟರವರೆಗೆ ಸರಿಯಿತ್ತು. ಒಂಬತ್ತನೆಯದಕ್ಕೆ ಬಂದಾಗ ತುಂಡಿನ ಮೇಲೆ ಬೆರಳು ತೂರುವಷ್ಟು ಸಂದಿ. ಅರ್ಧ ಇಂಚು. ಅಭ್ಯಾಸವಾದ ಕಾಲಿಗೆ ಕಣ್ಣು ಬೇಡ, ಆದರೆ ಮೆಟ್ಟಿಲು ಅರ್ಧ ಇಂಚು ಮೋಸ ಮಾಡಿದರೂ ಅದು ಮನುಷ್ಯನನ್ನು ಕೆಡವುತ್ತದೆ. ಅವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಹಲಗೆ ಬಿಚ್ಚಿ, ಕೆಳಗಿನ ಪಟ್ಟಿಗಳನ್ನು ಅರ್ಧ ಇಂಚು ಇಳಿಸಿ, ಮತ್ತೆ ಮೊಳೆ ಹೊಡೆದು, ಬಣ್ಣ ಬಳಿದ. ಒಂದು ಗಂಟೆಯ ಕೆಲಸ. ಆಗಿದ್ದು ಆಗಿಹೋಯಿತು, ಇನ್ಯಾರೂ ಬೀಳದಿದ್ದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹತ್ತು ದಿನದ ಮೇಲೆ ಗುಬ್ಬಿ ಊರುಗೋಲು ಹಿಡಿದು ತಾಲೀಮು ನೋಡಲು ಬಂದಳು. ವಿರಾಮದಲ್ಲಿ ಮೆಟ್ಟಿಲ ಪಕ್ಕಕ್ಕೆ ಹೋಗಿ ಒಂದೊಂದನ್ನೂ ಗೇಣು ಹಾಕಿ ಅಳೆದಳು; ಎಲ್ಲವೂ ಒಂದೇ ಅಳತೆ. ಹೊಸ ನಾಯಕಿ ಅದೇ ಮೆಟ್ಟಿಲನ್ನು ನೀರಿನಂತೆ ಇಳಿಯುವುದನ್ನೂ ನೋಡಿದಳು. ಆಮೇಲೆ ಮೇಸ್ತ್ರಿಯ ಕೆಲಸದ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, "ನಿಮ್ಮ ಕೆಲಸದ ಮೇಲೆ ಸುಮ್ನೆ ಮಾತು ತಂದುಬಿಟ್ಟೆ. ತಪ್ಪು ನಂದೇ. ಬೇಜಾರು ಮಾಡ್ಕೋಬೇಡಿ" ಎಂದಳು. ಇನ್ನು ರಂಗದ ಮೇಲೆ ಹತ್ತುವುದಿಲ್ಲವೆಂದೂ ಕೊನೆಯ ನಾಟಕದಿಂದಲೂ ಹೆಸರು ತೆಗೆಸಿದ್ದೇನೆಂದೂ ತಲೆ ತಗ್ಗಿಸಿ ಹೇಳಿ ಹೋದಳು.

ಮೇಸ್ತ್ರಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಕಾಲು ಮುರಿದಿದ್ದರೆ ಕೂಡುತ್ತಿತ್ತು, ಇದು ಹಾಗಲ್ಲ. ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲ ಕಕ್ಕಿದ. ಅವಳು ಬೈಯುವಳೆಂದುಕೊಂಡಿದ್ದ. ಅವಳು ಪಕ್ಕದಲ್ಲಿ ಬಂದು ಕುಳಿತು, ನಾಳೆ ಹೇಳುವಾಗ ಎಲ್ಲರ ಮುಂದೆ ಹೇಳಿ, ಅವಳ ಮಾತನ್ನ ತಳ್ಳಿಹಾಕಿದ್ದೂ ಎಲ್ಲರ ಮುಂದೇನೇ ಅಲ್ವಾ ಎಂದಳು.

ಮರುದಿನ ತಾಲೀಮಿನ ಮಧ್ಯೆ ಅವನು ರಂಗದ ಮೇಲೆ ಬಂದು ನಿಂತ. ಇಪ್ಪತ್ತಾರು ವರ್ಷದಲ್ಲಿ ದೀಪದ ಕೆಳಗೆ ಅವನು ಮಾತಾಡಿದ್ದು ಅದೇ ಮೊದಲು.

"ಒಂಬತ್ತನೇ ಮೆಟ್ಟಿಲು ಅರ್ಧ ಇಂಚು ಎತ್ತರ ಇತ್ತು. ಗುಬ್ಬಿ ಹೇಳಿದ್ದು ನಿಜ. ನನಗೆ ಕಣ್ಣು ಸರಿ ಕಾಣಲ್ಲ, ಮುಚ್ಚಿಟ್ಟಿದ್ದೆ. ಅವಳು ಬಿದ್ದ ಮಾರನೇ ದಿನ ಯಾರಿಗೂ ಹೇಳದೆ ಸರಿ ಮಾಡ್ದೆ. ಅದು ಇನ್ನೂ ದೊಡ್ಡ ತಪ್ಪು."

ಹಿಂದಿನ ಸಾಲಿನಲ್ಲಿದ್ದ ಗುಬ್ಬಿ ಎದ್ದಳು. "ಹತ್ತು ದಿನ ನಾನು ನನ್ನ ಕಾಲನ್ನೇ ನಂಬ್ಲಿಲ್ಲ" ಎಂದವಳೇ ಊರುಗೋಲು ಕುಟ್ಟುತ್ತ ಹೊರಗೆ ನಡೆದಳು. ನಿರ್ದೇಶಕಿ ಅವಳ ಹಿಂದೆ ಓಡಿದರು. ಹುಡುಗಿ ಎರಡು ದಿನ ಅಲ್ಲೇ ತಡವರಿಸಿ ಬಾಯಿಬಿಟ್ಟು ಹೇಳಿದರೂ ತಾನು ಒಮ್ಮೆಯಾದರೂ ಬಗ್ಗಿ ನೋಡಲಿಲ್ಲವೆಂದು ಕಾರಿಡಾರಿನಲ್ಲಿ ಅವಳ ಕೈ ಹಿಡಿದು ಹೇಳಿದರೆಂದು ಮೇಸ್ತ್ರಿಗೆ ಆಮೇಲೆ ತಿಳಿಯಿತು. ಅವನ ಬಳಿ ಬಂದಾಗ ಮಾತ್ರ ಅವರ ಮುಖ ಗಂಟಿಕ್ಕಿತ್ತು. ಕಣ್ಣಿನ ಚಿಕಿತ್ಸೆ ಆಗುವವರೆಗೆ ಗರಗಸ ಮುಟ್ಟಕೂಡದು, ಆದ ಮೇಲೆ ನಿಮ್ಮ ಜಾಗಕ್ಕೆ ಬೇರೆಯವರು ಬರುವುದಿಲ್ಲ ಎಂದರು. ಎರಡನ್ನೂ ಒಂದೇ ಗಡಸು ದನಿಯಲ್ಲಿ ಹೇಳಿದ್ದರಿಂದ ಎರಡನೆಯದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಾಲ್ಕು ದಿನ ಬಿಟ್ಟು ಗುಬ್ಬಿ ಅವನ ಕೋಣೆಗೆ ಬಂದಳು.

"ಕೋಪ ಇನ್ನೂ ಹೋಗಿಲ್ಲ" ಎಂದಳು.

"ಇರ್ಲಿ ಬಿಡಮ್ಮ. ಅದು ಹೋಗೋ ಹೊತ್ತಿಗೆ ಹೋಗುತ್ತೆ."

ಅವಳು ಸ್ಟೂಲಿನ ಮೇಲೆ ಕುಳಿತು ಕಾಲು ಚಾಚಿ ಪಾದ ನೀವಿಕೊಂಡಳು. ಹೋಗುವಾಗ, ಕೊನೆಯ ನಾಟಕಕ್ಕೆ ಹೆಸರು ಮತ್ತೆ ಬರೆಸಿದ್ದೇನೆ ಎಂದಳು.

ಮೊದಲ ಸಂಗೀತ ನಾಟಕದ ಎಂಟು ಪ್ರದರ್ಶನಗಳಲ್ಲಿ ಐದು ಹೊಸ ನಾಯಕಿಗೇ ಉಳಿದವು; ಅವಳೂ ಕಷ್ಟಪಟ್ಟು ಕಲಿತಿದ್ದಳಲ್ಲ. ಕೊನೆಯ ಮೂರು ಗುಬ್ಬಿಗೆ ಸಿಕ್ಕವು. ಅಷ್ಟರಲ್ಲಿ ಮೇಸ್ತ್ರಿಯ ಎಡಗಣ್ಣಿನ ಪೊರೆ ತೆಗೆದಿದ್ದರು. ಪರದೆಯ ಹಿಂದೆ ಧೂಳು, ಅಲ್ಲಿಗೆ ಬರಬಾರದೆಂದು ನಿರ್ದೇಶಕಿ ಕಟ್ಟಪ್ಪಣೆ ಮಾಡಿದ್ದರಿಂದ, ಕಪ್ಪು ಕನ್ನಡಕ ಹಾಕಿಕೊಂಡು ಹೆಂಡತಿಯ ಜೊತೆ ಸಭಿಕರ ನಡುವೆ ಕುಳಿತ. ತಾನು ಕಟ್ಟಿದ ನಾಟಕಗಳನ್ನು ಅವನು ಇಷ್ಟು ವರ್ಷ ಬೆನ್ನ ಹಿಂದಿನಿಂದಲೇ ನೋಡಿದ್ದ. ಮುಂದಿನಿಂದ ಅದು ಬೇರೆಯೇ ಊರಿನಂತಿತ್ತು. ಗುಬ್ಬಿ ಹಾಡುತ್ತ ಇಳಿದು ಬಂದಳು. ಸಭೆ ಚಪ್ಪಾಳೆ ತಟ್ಟಿತು. ಮೇಸ್ತ್ರಿ ಸಂಭ್ರಮ ತಡೆಯಲಾಗದೆ ಹೆಂಡತಿಯ ಕಿವಿಗೆ ಬಗ್ಗಿ ಮುಂದೇನಾಗುತ್ತದೆಂದು ಹೇಳಲು ಹೊರಟ.

"ಸುಮ್ನಿರಿ" ಎಂದಳು ಅವಳು, ರಂಗದಿಂದ ಕಣ್ಣು ಕೀಳದೆ. "ನಾನೂ ನೋಡ್ತಿದ್ದೀನಿ."